ಹುಣಸಿ ಪೂಲಿನ ಬಿಳಿ ಗೆರೆ

೧೯೯೭ರಲ್ಲಿ, ಏಳನೆಯ ಇಯತ್ತೆ ಮುಗಿದ ಮೇಲೆ, ನನ್ನ ಓದು ನಿಂತಿತು. ನಿಂತಿತು ಎನ್ನುವುದಕ್ಕಿಂತ ನಾನೇ ನಿಲ್ಲಿಸಿದೆ ಎನ್ನಬೇಕು. ಅಪ್ಪ ಗಾದಿ ಮಾಡುವವನು. ಹತ್ತಿ ಹಿಂಜಿ ಹಿಂಜಿ ಅವನಿಗೆ ದಮ್ಮು ಹತ್ತಿಕೊಂಡಿತ್ತು. ಹಿಂಜುವ ಬಿಲ್ಲು ಹಿಡಿಯಲು ಮನೆಯಲ್ಲಿ ಇನ್ನೊಂದು ಕೈ ಬೇಕಿತ್ತು. ಅದನ್ನು ಯಾರೂ ನನಗೆ ಹೇಳಲಿಲ್ಲ, ನನಗೇ ತಿಳಿಯಿತು. ಸಾಲೆ ಬಿಟ್ಟವನೆಂದು ಇಂದಿನವರೆಗೆ ಯಾರ ಮುಂದೆಯೂ ನಾನು ತಲೆ ತಗ್ಗಿಸಿಲ್ಲ.

ಆಗ ಬಾಗಲಕೋಟೆಯೆಂದರೆ ಹಳೇ ಊರೇ. ಆಣೆಕಟ್ಟಿನ ನೀರು ಬರುತ್ತದೆ, ಊರು ಮುಳುಗುತ್ತದೆ ಎಂಬ ಮಾತು ನಾನು ಹುಟ್ಟುವ ಮೊದಲಿನಿಂದಲೂ ಇತ್ತು. ಆದರೆ ಯಾವ ಓಣಿ ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಖಾತ್ರಿ ಇರಲಿಲ್ಲ. ಹಾಗಾಗಿ ಕೈಯಲ್ಲಿ ಟೇಪು ಹಿಡಿದವನು, ಹೆಗಲಿಗೆ ಚೀಲ ಹಾಕಿದವನು, ಒಂದೇ ಗೋಡೆಯನ್ನು ಎರಡು ಸಲ ನೋಡಿದವನು, ಎಲ್ಲರ ಮೇಲೂ ನಮಗೆ ಗುಮಾನಿ. ಹೊಸ ಪೋಸ್ಟ್‌ಮನ್ ಬಂದರೂ ಓಣಿ ಮಾತು ನಿಲ್ಲಿಸಿ ಅವನ ಬೆನ್ನು ನೋಡುತ್ತಿತ್ತು.

ನಮ್ಮ ಓಣಿಯ ಹಿಂದೆ ಮೀಟರ್ ಗೇಜ್ ಹಳಿ. ಹಳಿಯ ಕೆಳಗೆ ಎರಡು ಪೂಲು, ಎಂದರೆ ಸಣ್ಣ ಸೇತುವೆ. ಹತ್ತಿರದ್ದು ಹುಣಸಿ ಪೂಲು. ಅಲ್ಲಿನ ಹುಣಸೆ ಮರ ಎಂದೋ ಬಿದ್ದು ಒಲೆ ಸೇರಿತ್ತು, ಹೆಸರು ಮಾತ್ರ ಪೂಲಿಗೆ ಅಂಟಿಕೊಂಡಿತ್ತು. ಇನ್ನೊಂದು ಸ್ಟೇಷನ್ ಕಡೆಗಿತ್ತು. ಅದರ ಕೆಳಗೆ ಹಾಯ್ದು ಊರ ದನ ಹೊಳೆಗೆ ಹೋಗುತ್ತಿದ್ದವು. ಅದಕ್ಕೇ ಅದು ದನದ ಬೋಗದಾ. ಎರಡೂ ಕಲ್ಲಿನ ಕಮಾನು, ಹೊಸಬರ ಕಣ್ಣಿಗೆ ಎರಡೂ ಒಂದೇ. ನಮಗೆ ವಾಸನೆಯೇ ಸಾಕಿತ್ತು. ಬೋಗದಾದಲ್ಲಿ ಸಗಣಿ, ಗಂಜಲ. ಹುಣಸಿ ಪೂಲಿನಲ್ಲಿ ತಂಪು ಕಲ್ಲು, ಎಂಜಿನ್ ಎಣ್ಣೆ, ಪಕ್ಕದ ತಳ್ಳುಗಾಡಿಯ ಮಿರ್ಚಿ ಭಜಿ. ಬೇಸಿಗೆಗೆ ಪೂಲಿನ ಕೆಳಗಿನ ಹಳ್ಳ ಒಣಗಿದಾಗ ನಾವು ಅಲ್ಲೇ ಚಿಣಿಫಣಿ ಆಡುತ್ತಿದ್ದೆವು. ಮೇಲೆ ಗಾಡಿ ಬಂದರೆ ಆಟ ಬಿಟ್ಟು ಕಲ್ಲಿಗೆ ಬೆನ್ನು ಹಚ್ಚಿ ನಿಲ್ಲುವುದು. ನಡುಕ ಹಲ್ಲಿನವರೆಗೂ ಏರುತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ಮುಂಜಾನೆ ಹುಣಸಿ ಪೂಲಿನ ಕಲ್ಲುಗಂಬದ ಮೇಲೆ ಹೊಸ ಬಿಳಿ ಗೆರೆ ಕಂಡಿತು. ಸುಣ್ಣವಲ್ಲ, ಬಣ್ಣ. ಇನ್ನೂ ಹಸಿ. ಯಾರು ಬಳಿದರೋ ನೋಡಿದವರಿಲ್ಲ. ಮಧ್ಯಾಹ್ನದೊಳಗೆ ಇಡೀ ಓಣಿ ಅದರ ಮುಂದೆ ನಿಂತಿತ್ತು.

"ನೀರು ಇಲ್ಲೀಮಟಾ ಬರತೈತಿ ಅಂತ ಗುರ್ತು ಹಾಕ್ಯಾರ," ಎಂದಳು ನಿಂಗವ್ವಾಯಿ. ಓಣಿಗೆಲ್ಲ ಹಿರಿಯಳು. ಅವಳು ಅಂದ ಮೇಲೆ ಅದು ಆಯಿತು.

ನಮ್ಮ ಪಕ್ಕದ ಮನೆ ಮಲ್ಲಪ್ಪ ಕಾಕಾನದು. ಎರಡೂ ಮನೆಗೆ ನಡುವಿನ ಗೋಡೆ ಒಂದೇ. ಕಾಕಾ ಗೌಂಡಿ. ಸಂಜೆಯಾದರೆ ಅವನೂ ಅಪ್ಪನೂ ಕಟ್ಟೆಯ ಮೇಲೆ ಕೂತು ಒಂದೇ ಕಾಗದದ ಗಿರಮಿಟ್ ತಿನ್ನುವವರು. ಮೆಣಸಿನಕಾಯಿ ಯಾರ ಪಾಲು ಎಂಬುದಕ್ಕೆ ದಿನಾ ಜಗಳ. ಆ ಸಂಜೆ ಕಾಕಾ ಎದ್ದು ನಿಂತ.

"ಇಮಾಮಣ್ಣ, ಅಂಜಿಕೊಂಡು ಕುಂದ್ರೂದಕಿಂತ ಅಳದು ಬಿಡೂಣು ಏಳು."

ಅವನು ತಂದದ್ದು ಲೆವೆಲ್ ಪೈಪು. ಒಳಗಿನ ನೀರು ಹೊರಗೆ ಕಾಣುವ ಉದ್ದನೆಯ ಪೈಪು ಅದು. ಎರಡೂ ತುದಿಗಳನ್ನು ಎಲ್ಲಿ ಹಿಡಿದರೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪಾಯದ ಮಟ್ಟ ನೋಡಲು ಗೌಂಡಿಗಳು ನೆಚ್ಚುವುದು ಅದನ್ನೇ. ನಡುವೆ ಗಾಳಿಯ ಗುಳ್ಳೆ ಸಿಕ್ಕರೆ ಮಾತ್ರ ಅದು ಸುಳ್ಳು ಹೇಳುತ್ತದೆ. ಬಿಳಿ ಗೆರೆಯಿಂದ ಶುರು ಮಾಡಿ, ಲೈಟಿನ ಕಂಬ, ಗಿರಣಿಯ ಗೋಡೆ, ನಿಂಗವ್ವಾಯಿಯ ಬಾಗಿಲು ಎಂದು ಸೀಮೆಸುಣ್ಣದ ಖಡುವಿನಿಂದ ಗುರುತು ಹಾಕುತ್ತ ನಮ್ಮ ಹೊಸ್ತಿಲವರೆಗೆ ಬಂದೆವು. ನಾನು ಪೈಪಿನ ನಡುವೆ ಹಿಡಿದಿದ್ದೆ.

ಕಾಕಾ ಎರಡೂ ಹೊಸ್ತಿಲು ನೋಡಿದ. ಮತ್ತೊಮ್ಮೆ ನೋಡಿದ.

"ನಿಮ್ಮ ಹೊಸ್ತಿಲಾ ಗೆರಿಗಿಂತ ಒಂದು ಗೇಣು ಕೆಳಗೈತಿ, ಅಣ್ಣಾ. ನಮ್ದು ನಾಕ ಬಟ್ಟು ಮ್ಯಾಲ."

ಅಪ್ಪ ನಕ್ಕ. "ಚೇಷ್ಟಿ ಬ್ಯಾಡಲೇ."

"ಖರೇನ ಹೇಳಾಕತ್ತೇನಿ."

"ಗ್ವಾಡಿ ಒಂದ, ನೀರು ಎರಡೇನಲೇ? ನನ್ನ ಮನಿ ಮುಳುಗಿಸಿ ಬಂದ ನೀರು ನಿನ್ನ ಬಾಗಲಾ ಬಡದು ಕೇಳತೈತೇನು, ಮಲ್ಲಪ್ಪಾರ ಒಳಗ ಬರ್ಲ್ಯಾ ಅಂತ?"

ಓಣಿ ನಕ್ಕಿತು. ಕಾಕಾ ನಗಲಿಲ್ಲ. ಓಣಿ ಇಳಿಜಾರಾದ್ದರಿಂದ ಕಣ್ಣಿಗೆ ಎರಡೂ ಹೊಸ್ತಿಲು ಸಮವಾಗಿಯೇ ಕಾಣುತ್ತಿದ್ದವು.

"ನಾ ಏನು ಮಾಡ್ಲಿ? ನೀರು ಹೇಳತೈತಿ."

"ನೀರಲ್ಲ. ಪೈಪಿನ್ಯಾಗಿನ ಗುಳ್ಳಿ ಹೇಳತೈತಿ."

ಗೌಂಡಿಗೆ ಅವನ ಪೈಪಿನಲ್ಲಿ ಗುಳ್ಳೆ ಇದೆ ಎಂದರೆ ಕೈ ಸುಳ್ಳು ಎಂದಂತೆಯೇ. ಕಾಕಾ ನೀರನ್ನು ಓಣಿಯಲ್ಲೇ ಚೆಲ್ಲಿ, ಪೈಪು ಸುತ್ತಿ ಒಳಗೆ ಹೋದ. ನನ್ನ ಕೈಯಲ್ಲಿದ್ದ ಭಾಗದಲ್ಲಂತೂ ನನಗೆ ಗುಳ್ಳೆ ಕಂಡಿರಲಿಲ್ಲ. ಆದರೆ ಪೈಪು ಉದ್ದ ಇತ್ತು.

ಮರುದಿನ ಕಟ್ಟೆಯ ಮೇಲೆ ಅಪ್ಪ ಒಬ್ಬನೇ ಕೂತ. ಅವ್ವ ರೊಟ್ಟಿ ಬಡಿಯುವಾಗ ಅವಳ ಹತ್ತಿರ ಹೇಳುತ್ತಿದ್ದ: "ಗೆರಿ ಹೊಡದವರ ಜೋಡಿ ಅಂವ ಕೂಡ್ಯಾನ. ಇಲ್ಲಂದ್ರ ನಡು ಗ್ವಾಡಿಗೇ ಗೆರಿ ಹೆಂಗ ನಿಂತೀತು?" ಅವ್ವ ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದಳು.

ಆ ವಾರವೇ ಪರಊರಿನವನೊಬ್ಬ ಬಂದ. ಹೆಗಲಿಗೆ ಚೀಲ, ಕೊರಳಿಗೆ ಕ್ಯಾಮೆರಾ. ಹಳಿಯ ಗುಂಟ ನಡೆದು ಬಂದು ನಿಂಗವ್ವಾಯಿಯ ಮುಂದೆ ನಿಂತ.

"ಆಯಿ, ಇಲ್ಲೆ ಹುಣಸಿ ಪೂಲು ಯಾವುದ್ರಿ?"

"ನೀ ಯಾರ ಪೈಕಿಯಪಾ?"

"ಹುಬ್ಬಳ್ಳಿಯಿಂದ ಬಂದೇನ್ರಿ. ನಮ್ಮಪ್ಪ ಇದ ಲೈನಿನ್ಯಾಗ ಗ್ಯಾಂಗ್‌ಮನ್ ಇದ್ದ. ಆ ಪೂಲಿನ ಬಾಜೂಕಿನ ಗುಡಿಸಲದಾಗ ನಾ ಹುಟ್ಟೇನಂತ. ಅವ್ವ ಈಗ ಹಾಸಿಗಿ ಹಿಡದಾಳ್ರಿ. ಒಮ್ಮೆ ಅದನ್ನ ನೋಡಬೇಕು ಅಂತಾಳ. ಫೋಟೋ ಹೊಡ್ಕೊಂಡು ಒಯ್ತೇನಿ."

ಆಯಿ ಅವನ ಬೂಟು ನೋಡಿದಳು, ಕ್ಯಾಮೆರಾ ನೋಡಿದಳು. ಆಮೇಲೆ ಸ್ಟೇಷನ್ ಕಡೆ ಕೈ ಚಾಚಿದಳು.

"ಅಕಾ, ದನಾ ಹೊಂಟಾವಲ್ಲ, ಅದ ಹುಣಸಿ ಪೂಲು."

ಅವನು ಭಜಿ ತಳ್ಳುಗಾಡಿಯವನನ್ನೂ ಕೇಳಿದ. ಅವನೂ ಅದನ್ನೇ ತೋರಿಸಿದ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೆಸರು ಆಚೆ ಹೋದರೆ ಗೆರೆಯೂ ಆಚೆ ಹೋಗುತ್ತದೆ, ಗೆರೆಯ ಹಿಂದೆ ನೀರೂ ಹೋಗುತ್ತದೆ ಎಂದು ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ. ಅವನು ನಮ್ಮ ಮನೆಗೆ ನೀರು ಕೇಳಲು ಬಂದಾಗ ಅಪ್ಪನೂ ಬೋಗದಾದ ಕಡೆಗೇ ತೋರಿಸಿದ. ಆಮೇಲೆ ಕೇಳಿದ:

"ಆ ಗಂಬದ ಮ್ಯಾಲಿನ ಬಿಳಿ ಗೆರಿ ನೀವ ಹೊಡದ್ರೇನು?"

ಅವನಿಗೆ ನಗು ಬಂತು. "ಅದು ರೈಲ್ವೆಯವರ ಮಳಿಗಾಲದ ಗುರ್ತು ರೀ. ಹಳ್ಳದ ನೀರು ಅಲ್ಲೀತನಕ ಏರಿದ್ರ ಗಾಡಿ ನಿಲ್ಲಸ್ತಾರ. ನಮ್ಮಪ್ಪನೂ ಬಳೀತಿದ್ದ. ಮಾಸಿದಾಗೊಮ್ಮೆ ಬಳೀತಾರ, ಅಷ್ಟ."

ಅಪ್ಪ ತಲೆಯಾಡಿಸಿದ. ಅವನು ಹೊರಬಿದ್ದ ಮೇಲೆ ನನಗೆ ಹೇಳಿದ: "ನೋಡಿದಿ ಏನ್ಲೇ ದಾವಲ್ಯಾ, ಎಷ್ಟು ಛಂದ ಕಲಿಸಿ ಕಳ್ಸ್ಯಾರ!"

ಸಂಜೆ ಅದೇ ಮನುಷ್ಯ ಮಲ್ಲಪ್ಪ ಕಾಕಾನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಕಾಕಾ ಕೈ ಎತ್ತಿ ಏನೋ ತೋರಿಸುತ್ತಿದ್ದ. ಎತ್ತ ತೋರಿಸಿದ ಎಂಬುದು ನಮ್ಮ ಬಾಗಿಲಿನಿಂದ ಕಾಣಲಿಲ್ಲ. ಅಪ್ಪನಿಗೆ ಕಾಣಬೇಕಾಗಿಯೂ ಇರಲಿಲ್ಲ. "ಖರೆ ಪೂಲು ತೋರ್ಸಿಬಿಟ್ಟ," ಎಂದು ಬಾಗಿಲು ಹಾಕಿಕೊಂಡ. ಅಂದಿನಿಂದ ಎರಡು ಮನೆಯ ಮಾತು ಬಂದ್ ಆಯಿತು. ಗೋಡೆಯ ಆಚೆ ಕಾಕಾ ಕೆಮ್ಮಿದರೆ ಈಚೆ ಅಪ್ಪ ರೇಡಿಯೋ ಜೋರು ಮಾಡುತ್ತಿದ್ದ.

ಕೊನೆಗೆ ಗೆರೆಯ ಮೇಲಿನದು, ಕೆಳಗಿನದು ಎಂದೇನೂ ಉಳಿಯಲಿಲ್ಲ. ಓಣಿಗೆ ಓಣಿಯೇ ಹೋಯಿತು. ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ಕಾಕಾನಿಗೆ ಒಂದು ಕಡೆ ಜಾಗ, ನಮಗೆ ಇನ್ನೊಂದು ಕಡೆ. ಅವನು ಮೊದಲು ಹೋದ. ನಾವು ತೊಲೆ, ಬಾಗಿಲು ಬಿಚ್ಚಿಕೊಳ್ಳಲು ನಡುವಿನ ಗೋಡೆ ಕೆಡವಿದಾಗ ಎರಡೂ ಹೊಸ್ತಿಲು ಮೊದಲ ಸಲ ಅಕ್ಕಪಕ್ಕ ಬಯಲಾದವು. ನಮ್ಮದು ಕೆಳಗಿತ್ತು. ಹತ್ತಿಯ ಅಂಡಿಗೆಯನ್ನು ಎತ್ತದೆ ಒಳಗೆ ಎಳೆದುಕೊಳ್ಳಲೆಂದು ಅಜ್ಜ ಹೊಸ್ತಿಲನ್ನು ತಗ್ಗಿಸಿ ಕೂರಿಸಿದ್ದ. ಅಪ್ಪ ಬಗ್ಗಿ ಗೇಣು ಹಾಕಿ ನೋಡಿದ. ಆ ಗೇಣನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತ. ನವನಗರಕ್ಕೆ ಬಂದ ಮೇಲೂ ಕಾಕಾನ ಮನೆ ಕಡೆ ಹೋಗಲಿಲ್ಲ. ದಮ್ಮಿನಿಂದಲೇ ಹೋದ.

ಹುಣಸಿ ಪೂಲು ಹಿನ್ನೀರಿನಲ್ಲಿ ಹೋಯಿತು. ಹಳಿ ಅಗಲವಾಯಿತು, ದನದ ಬೋಗದಾವೂ ಇಲ್ಲ. ಹೋದ ವರ್ಷ ನನ್ನ ಫೋನಿಗೆ, ಊರಿನ ಹಳೆಯ ಫೋಟೋ ಹಾಕುವ ಗುಂಪಿನಲ್ಲಿ, ಒಂದು ಚಿತ್ರ ಬಂತು. ಕೆಳಗೆ ಬರೆದಿತ್ತು: 'ಬಾಗಲಕೋಟೆಯ ಹುಣಸಿ ಪೂಲು. ನಮ್ಮಜ್ಜಿ ಕಡೆಯವರೆಗೂ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದ ಫೋಟೋ.' ಚಿತ್ರದಲ್ಲಿ ಕಮಾನಿನ ಕೆಳಗೆ ದನ ಹಾಯುತ್ತಿದ್ದವು.

ಯಾರೋ ಹಿರಿಯರು, "ಇದು ದನದ ಬೋಗದಾ ಅಲ್ಲೇನ್ರಿ?" ಎಂದು ಬರೆದಿದ್ದರು. ಹುಡುಗನೊಬ್ಬ "ಪುರಾವೆ ಏನೈತ್ರಿ?" ಎಂದು ಕೇಳಿದ್ದ. ನಾನು ಬರೆಯಲು ಹೋಗಿ ಬಿಟ್ಟೆ. ಅಜ್ಜಿಯ ತಲೆದಿಂಬಿನ ಕೆಳಗಿನದನ್ನು ಎಳೆದು ತೆಗೆಯಲು ನಾನು ಯಾರು? ಆದರೆ ಒಂದು ಮಾತು ನನಗೆ ಗೊತ್ತಾಯಿತು. ಕಾಕಾನೂ ಆ ಹುಬ್ಬಳ್ಳಿಯವನಿಗೆ ಖರೆ ಹೇಳಿರಲಿಲ್ಲ.

ಅದಾದ ಮೇಲೆ, ಕುಳಗೇರಿ ಕ್ರಾಸಿನಲ್ಲಿ ನನ್ನ ಅಂಗಡಿಗೆ ಪಾಯ ಹಾಕುವಾಗ ನಾನೇ ನವನಗರಕ್ಕೆ ಹೋಗಿ ಕಾಕಾನನ್ನು ಕರೆತಂದೆ. ಕಣ್ಣು ಮಂದ, ಸೊಂಟ ಬಾಗಿದೆ. ಫೋಟೋ ತೋರಿಸಿ ಕೇಳಿದೆ.

"ಓಣಿ ಏನು ತೋರ್ಸಿತ್ತೋ ನಾನೂ ಅದನ್ನ ತೋರ್ಸಿದೆ," ಎಂದ. "ನಿಮ್ಮಪ್ಪ ಒಮ್ಮೆ ಕೇಳಿದ್ರ ಹೇಳ್ತಿದ್ದೆ."

ಆಮೇಲೆ ಪೈಪಿಗೆ ನೀರು ತುಂಬಿದ. ಹೊಸ್ತಿಲಿಗೆ ಹಿಡಿಯುವ ಮೊದಲು ಇಡೀ ಪೈಪನ್ನು ನನ್ನ ಕೈಗೆ ಕೊಟ್ಟ.

"ಗುಳ್ಳಿ ಐತೇನು ನೋಡಪಾ, ದಾವಲಸಾಬ."

ಆ ತುದಿಯಿಂದ ಈ ತುದಿಯವರೆಗೆ ಬೆರಳಾಡಿಸಿ ನೋಡಿದೆ. ಇರಲಿಲ್ಲ.

ಈಗ ನನಗಿರುವುದು ಇಷ್ಟು: ಕ್ರಾಸಿನಲ್ಲಿ ಒಂದು ಅಂಗಡಿ, ಹತ್ತಿ ಹಿಂಜುವ ಎರಡು ಮಷಿನ್ನು, ಕೈಕೆಳಗೆ ನಾಲ್ಕು ಜನ, ಅಪ್ಪನ ಬಿಲ್ಲು ಒಂದು, ಮಟ್ಟಸವಾದ ಹೊಸ್ತಿಲು ಒಂದು. ಪೂಲು ಒಂದೂ ಇಲ್ಲ, ಪಕ್ಕದವರ ಜೊತೆ ಪಾಲಿನ ಗೋಡೆಯೂ ಇಲ್ಲ. ಅಂಗಡಿಯ ನಾಲ್ಕೂ ಗೋಡೆ ನನ್ನವೇ.