ಟೈಲರಮ್ಮನ ಕೈಗುಣ

ಟೈಲರಮ್ಮನಿಗೆ ಜಂಬ ಒಂದೇ ದಿನದಲ್ಲಿ ಬಂದದ್ದಲ್ಲ. ಹನ್ನೆರಡು ವರ್ಷ ಒಂದು ಬುಧವಾರವೂ ತಪ್ಪದೆ ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ, ಆಸ್ಪತ್ರೆಯ ವಾರ್ಡಿಗೆ ಹೋಗಿ, ರೋಗಿಗಳ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಹೆಂಗಸು ಆಕೆ. "ನಿಮ್ಮ ಕೈಗುಣವೇ ಗುಣ" ಎಂದು ಯಾರಾದರೂ ಹೊಗಳಿದರೆ, "ಅಯ್ಯೋ, ನಂದೇನಿದೆ? ಎಲ್ಲಾ ಯೇಸಪ್ಪಂದು" ಎನ್ನುತ್ತಿದ್ದಳು. ಬಾಯಲ್ಲಿ ಹಾಗಂದರೂ, ಹೊಗಳಿಕೆ ಯಾರಿಗೆ ಕಹಿ ಹೇಳಿ?

ಒಂದು ಭಾನುವಾರ ಚರ್ಚಿನ ಸಭೆಯಲ್ಲಿ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ ಒಬ್ಬ ಬಾಣಂತಿ ಎದ್ದಳು. ಬದುಕುವುದೇ ಇಲ್ಲ ಎಂದಿದ್ದ ಕೂಸನ್ನು ಎತ್ತಿ ತೋರಿಸಿ ದೇವರಿಗೆ ಸ್ತೋತ್ರ ಹೇಳಿದಳು. ಡಾಕ್ಟರಿಗೆ, ನರ್ಸಿಗೆ, ಕೊನೆಗೆ ವಾರ್ಡು ಗುಡಿಸುವವಳಿಗೂ ವಂದನೆ ಹೇಳಿದಳು. ಟೈಲರಮ್ಮನ ಸುದ್ದಿಯೇ ಇಲ್ಲ! ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ದಡಕ್ಕನೆ ಎದ್ದು, "ಮೂರು ದಿನ ಉಪವಾಸ ಇದ್ದು ಆ ಮಗೂ ಮೇಲೆ ಕೈಯಿಟ್ಟಿದ್ದು ನಾನು. ಈ ಕೈ ಇಟ್ಟ ಮೇಲೆ ಯಾರೂ ಸತ್ತಿಲ್ಲ" ಎಂದುಬಿಟ್ಟಳು.

ಶುದ್ಧ ಸುಳ್ಳು. ಸತ್ತವರು ಎಷ್ಟೋ ಮಂದಿ. ಅವರನ್ನೆಲ್ಲ 'ದೇವರ ಚಿತ್ತ' ಎಂದು ಬಿಟ್ಟಿದ್ದಳು, ಅಷ್ಟೇ. ಸಭೆ ಹಲ್ಲೆಲೂಯ ಎಂದಿತು. ಪಕ್ಕದಲ್ಲಿದ್ದ ಆಕೆಯ ತಂಗಿ ಎಲ್ಲರಿಗಿಂತ ಜೋರಾಗಿ ಅಂದಳು.

ಅದೇ ವಾರ ತಂಗಿಗೆ ಹೊಟ್ಟೆನೋವು ಶುರುವಾಯಿತು. ಅಕ್ಕತಂಗಿಯರಿಬ್ಬರದೇ ಸಂಸಾರ. ತಂಗಿ ಮೆಷಿನ್ನಿನ ಪಕ್ಕದ ಮಂಚದಲ್ಲಿ ಮುದುಡಿ ಮಲಗಿದಳು.

"ಆಸ್ಪತ್ರೆಗೆ ಹೋಗೋಣ ಬಾರೇ."

"ಹೋಗಕ್ಕಾ! ಮನೇಲಿ ನಿನ್ನ ಕೈ ಇರೋವಾಗ ಆಸ್ಪತ್ರೆ ಯಾಕೆ? ಅವತ್ತು ಸಭೇಲಿ ನೀನೇ ಹೇಳಿದ್ಯಲ್ಲ."

ನಾನು ಹೇಳಿದ್ದು ಸುಳ್ಳು ಕಣೇ ಎನ್ನಲು ಟೈಲರಮ್ಮನಿಗೆ ಬಾಯಿ ಬರಲಿಲ್ಲ. ಕೈಯಿಟ್ಟಳು. ಮರುದಿನವೂ ಇಟ್ಟಳು. ನಾಲ್ಕನೆಯ ದಿನ ತಂಗಿಗೆ ಎಚ್ಚರ ತಪ್ಪಿದಾಗ ಗಾಡಿ ತರಲು ಓಡಿದಳು.

"ಅಪೆಂಡಿಕ್ಸ್ ಒಡೆದು ಎರಡು ದಿನ ಆಗಿದೆ. ಇಷ್ಟು ದಿನ ಏನಮ್ಮಾ ಮಾಡ್ತಿದ್ರಿ?" ಎಂದರು ಡಾಕ್ಟರು.

ತಂಗಿ ಮರುದಿನ ಬೆಳಿಗ್ಗೆ ತೀರಿಕೊಂಡಳು.

ಇಂದಿಗೂ ಬುಧವಾರ ಟೈಲರಮ್ಮ ವಾರ್ಡಿಗೆ ಹೋಗುತ್ತಾಳೆ. "ಕೈಯಿಡೀಮ್ಮಾ" ಎಂದು ಯಾರಾದರೂ ಬೇಡಿದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ. ಡಾಕ್ಟರು ಹೇಳಿದ ಮಾತ್ರೆ ನುಂಗಿದಿರಾ ಎಂದು ಮೊದಲು ಕೇಳುತ್ತಾಳೆ, ಆಮೇಲೆ ಪ್ರಾರ್ಥನೆ.

ತಂಗಿಯನ್ನು ಮಣ್ಣು ಮಾಡಿದ ದಿನ ಪಾಸ್ಟರು ಆಕೆಯ ಭುಜ ತಟ್ಟಿ, "ದೇವರ ಚಿತ್ತ, ಸಮಾಧಾನ ಮಾಡ್ಕೊಳ್ಳಮ್ಮ" ಎಂದಿದ್ದರು.

"ಬೇಡಿ ಅಯ್ಯಾ, ಇದನ್ನ ದೇವರ ಮೇಲೆ ಹಾಕಬೇಡಿ" ಎಂದಿದ್ದಳು ಟೈಲರಮ್ಮ. "ಆ ಮಗು ಉಳಿದಾಗ 'ಅದು ನಾನು' ಅಂದೆ. ಇದೂ ನಾನೇ."