ಒಂದು ಗಂಟು ಶೆಟ್ಟಿಕೆರೆ, ಎರಡು ಗಂಟು ಕಂದಿಕೆರೆ

ತಿಪಟೂರು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖಾಸಗಿ ಬಸ್ ಕಂಪನಿಯ ಪಾರ್ಸಲ್ ಶೆಡ್ಡಿತ್ತು. ಅಲ್ಲಿ ನಾನು, ಶಂಭುಲಿಂಗಯ್ಯ, ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದೆ. ಬರೆದೂ ಬರೆದೂ ಬೆರಳು ಸೊಟ್ಟಗಾಯಿತು, ಕೂಗಾಡಿ ಕೂಗಾಡಿ ಗಂಟಲು ಹೋಯಿತು. ಅಷ್ಟು ವರ್ಷದಲ್ಲಿ ಮರೆಯಲಾಗದವನು ಅಂದರೆ ಬಸ್ಸಿನ ಟಾಪಿನ ಮೇಲೆ ಸಾಮಾನು ಜೋಡಿಸುತ್ತಿದ್ದ ಮಾಯಣ್ಣ ಒಬ್ಬನೇ. ಅವನನ್ನು ನೆನೆಸಿಕೊಂಡರೆ ಈಗಲೂ ಸುಸ್ತಾಗುತ್ತದೆ.

ಅವನು ಸೇರಿದ್ದು ಎಪ್ಪತ್ತೆರಡರಲ್ಲಿ. ಅಪ್ಪ ಸ್ಕೂಲ್ ಮೇಷ್ಟ್ರು, ಮಗನಿಗೆ ಮಾತ್ರ ವಿದ್ಯೆ ಹತ್ತಲಿಲ್ಲ. ಬಸ್ಸಿನ ಸಾಹುಕಾರರ ಮುಂದೆ ‘ಏಳನೇ ಕ್ಲಾಸು ಓದೀವ್ನಿ’ ಅಂದಿದ್ದ. ಸುಳ್ಳೇನಲ್ಲ, ಮೂರು ಸಲ ಓದಿದ್ದ. ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ಆದರೆ ವಾರಕ್ಕೊಂದು ಗಂಟುಮೂಟೆಯಾದರೂ ತಪ್ಪು ಬಸ್ಸು ಹತ್ತುತ್ತಿತ್ತು. ಶೆಟ್ಟಿಕೆರೆಗೆ ಹೋಗಬೇಕಾದದ್ದು ತುರುವೇಕೆರೆಗೆ, ತುರುವೇಕೆರೆಯದು ಕಂದಿಕೆರೆಗೆ. ಬೈದೆ, ಶನಿ ಅಂದೆ, ಕಣ್ಣು ಮೇಲಿಟ್ಟುಕೊಂಡು ಕೆಲಸ ಮಾಡ್ತೀಯಾ ಅಂದೆ. ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ.

ಒಂದು ದಿನ ಶೆಟ್ಟಿಕೆರೆಗೆ ಹೋಗಬೇಕಾದ ಧಾರೆ ಸೀರೆಯ ಗಂಟು ಕಂದಿಕೆರೆ ಬಸ್ಸು ಹತ್ತಿಬಿಟ್ಟಿತು. ಮಾರನೆಯ ಬೆಳಿಗ್ಗೆ ಮುಹೂರ್ತ. ಹೆಣ್ಣಿನ ಅಪ್ಪ ಶೆಡ್ಡಿಗೆ ಬಂದು ಕೂಗಾಡಿದ. ಸಾಹುಕಾರರು ನನ್ನತ್ತ ತಿರುಗಿ, “ಅವನ್ನ ಸಂಜೆಗೇ ಬುಡ್ಸಿ ಕಳ್ಸಿ, ಅಯ್ನೋರೆ” ಅಂದು ಹೋದರು.

ಮಾಯಣ್ಣ ಅಲ್ಲೇ ನಿಂತು ಕಣ್ಣು ಮುಚ್ಚಿದ. ಬೇಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಅವನು ಮನಸ್ಸಿನಲ್ಲೇ ಬಸ್ಸಿನ ಟಾಪನ್ನು ನೋಡುತ್ತಿದ್ದ.

“ಡ್ರೈವರ್ ಕಡೆ, ಏಣಿಯಿಂದ ಮೂರ್ನೇ ಸಾಲು. ಅಡೀಲಿ ಬೆಲ್ಲದ ಪೆಟ್ಗೆ, ನಡುವೆ ಸೀರೆ ಗಂಟು, ಮೇಲೆ ನೇಗಿಲ ಕುಳ. ಆ ಕುಳ ಇಳ್ಯೋದು ಕಂದಿಕೆರೇಲೆ. ಅದು ಇಳಿಯೋಗಂಟ ಗಂಟು ಯಾರ ಕೈಗೂ ಸಿಕ್ಕಲ್ಲ. ಸೀದಾ ಅಲ್ಲಿಗೇ ಓಗಿ ತತ್ತೀನಿ.”

ಹೋಗಿ ರಾತ್ರಿಯೊಳಗೆ ತಂದ. ಗಂಟು ಅವನು ಹೇಳಿದ ಕಡೆಯೇ ಇತ್ತಂತೆ. ಬೆಳಿಗ್ಗೆ ಏರಿಸಿದ್ದ ಐವತ್ತು ಅರವತ್ತು ಸಾಮಾನಿನ ಜಾಗ ಅವನ ತಲೆಯಲ್ಲಿ ಹಾಗೇ ಕೂತಿತ್ತು. ಯಾವ ಊರಲ್ಲಿ ಯಾವುದು ಇಳಿಯಬೇಕೋ ಅದು ಅಲ್ಲಿ ಮೇಲೇ ಇರುವಂತೆ ಅವನು ಜೋಡಿಸುತ್ತಿದ್ದ. ಯಾವ ಸಾಮಾನು ಎಲ್ಲಿದೆ ಅಂತ ಕಂಡಕ್ಟರುಗಳು ಅವನನ್ನೇ ಕೇಳುತ್ತಿದ್ದುದು ಯಾಕೆ ಅಂತ ನನಗೆ ಆಗ ಹೊಳೆಯಿತು. ಎರಡು ವರ್ಷ ಎದುರಿಗೇ ಕೂತು ನಾನು ಅವನ ತಪ್ಪನ್ನಷ್ಟೇ ಬರೆದಿಟ್ಟಿದ್ದೆ.

“ಲೇ, ಇಷ್ಟೆಲ್ಲ ನೆನಪಿರ್ತದೆ, ಮೂಟೆ ಮೇಲಿನ ಊರಿನ ಚೀಟಿ ಓದೋಕೆ ಏನ್ಲಾ ಬಂದಿರೋದು?”

“ಈ ಸೀಮೇಲಿ ಎಲ್ಲಾ ಊರ್ಗೂ ಬಾಲ ಒಂದೇ ಅಲ್ವಾ, ಅಯ್ನೋರೆ. ಕೆರೆ ಅನ್ನೋದು ಕಾಣ್ತದೆ. ಅದ್ರ ಮುಂದಿನ ಅಕ್ಸರ ಕೂಡುಸ್ಕಳೋಕೋದ್ರೆ ಕಲಸೋಯ್ತದೆ. ಅಪ್ಪ ಬಾರ್ಕೋಲಲ್ಲಿ ಒಡದ್ರೂ ಬರ್ಲಿಲ್ಲ. ನೀವು ಬಾಯಲ್ಲಿ ಒಂದ್ಸಲ ಏಳಿ, ಸಾಕು.”

ಸಾಹುಕಾರರಿಗೆ ಸಮಾಧಾನ ಹೇಳಿ ಅವನನ್ನು ಉಳಿಸಿಕೊಂಡೆ. ಅಂದಿನಿಂದ ನಾನು ಚೀಟಿ ಓದಿ ಹೇಳುವುದು, ಅವನು ಮೂಟೆಗೆ ಕಟ್ಟಿದ ನಾರಿನ ಹುರಿಯ ತುದಿಗೆ ಗಂಟು ಹಾಕುವುದು. ಒಂದು ಗಂಟು ಶೆಟ್ಟಿಕೆರೆ, ಎರಡು ಕಂದಿಕೆರೆ, ಮೂರು ತುರುವೇಕೆರೆ. ಗಂಟಿನ ಯೋಚನೆ ಅವನದೇ. ಆಮೇಲೆ ಒಂಬತ್ತು ವರ್ಷ ಒಂದು ಸಾಮಾನೂ ದಾರಿ ತಪ್ಪಲಿಲ್ಲ. ರೈತರು ಮನೆಯಿಂದಲೇ ಗಂಟು ಹಾಕಿ ತರತೊಡಗಿದರು.

ಸಾಹುಕಾರರು ಒಮ್ಮೆ ಕೇಳಿದರು, “ಇದೇನ್ರೀ ಗಂಟು?”

“ಬಿಗಿಯಾಗಿರಲಿ ಅಂತ,” ಅಂದೆ.

ಅಲ್ಲೇ ಎಡವಿದ್ದು. ನಿಜ ಹೇಳಿದರೆ ಅವನ ಕೆಲಸಕ್ಕೆ ಕುತ್ತು ಅಂತ ಹೆದರಿದೆ. ಯಾವ ಬಸ್ಸಿಗೆ ಏನೇನು ಏರಿತು ಅಂತ ಅವನು ಬರೆಯಬೇಕಾದ ಪಟ್ಟಿಯನ್ನೂ ನಾನೇ ಬರೆಯುತ್ತಿದ್ದೆ. ಅವನು ಕೆಳಗೆ ಸಹಿ ಬಿಡಿಸುತ್ತಿದ್ದ. ಪಟ್ಟಿ ನೋಡಿ ಸಾಹುಕಾರರು ಖುಷಿಯಾಗಿ, ನೀವು ರಿಟೈರಾದ ಮೇಲೆ ಶೆಡ್ಡಿನ ಗುಮಾಸ್ತಿಕೆ ಮಾಯಣ್ಣನಿಗೇ ಅಂದರು. ಅವನ ಮುಖ ಬಿಳಿಚಿಕೊಂಡಿತು. ಆಗಲೂ ಬಾಯಿ ಬಿಡಲಿಲ್ಲ ನಾನು. ಉಪಕಾರ ಮಾಡುತ್ತಿದ್ದೇನೆ ಅಂತಲೇ ನನ್ನ ತಿಳಿವಳಿಕೆ.

ಎಂಬತ್ತಮೂರರಲ್ಲಿ ಟೈಫಾಯ್ಡ್ ಆಗಿ ಹದಿನೈದು ದಿನ ಮಲಗಿದೆ. ನನ್ನ ಕುರ್ಚಿಗೆ ದುರ್ಗಯ್ಯ ಎಂಬ ಹೊಸ ಗುಮಾಸ್ತ ಬಂದ. ಮೊದಲ ದಿನವೇ ಮಾಯಣ್ಣನ ಕೈಗೆ ಪಟ್ಟಿ ಕೊಟ್ಟು, ಓದಪ್ಪ, ಟಿಕ್ ಹಾಕ್ತೀನಿ ಅಂದನಂತೆ. ಸಂತೆಯ ದಿನ, ಶೆಡ್ಡಿನ ತುಂಬ ಜನ. ಮಾಯಣ್ಣ ಪಟ್ಟಿ ಹಿಡಿದು ನಿಂತೇ ಇದ್ದ. ಏಳನೇ ಕ್ಲಾಸಂತೆ, ಅಂತ ಯಾರೋ ನಕ್ಕರಂತೆ. ಅವನು ಪಟ್ಟಿಯನ್ನು ಮೇಜಿನ ಮೇಲಿಟ್ಟು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಜ್ವರ ಬಿಟ್ಟ ಮೇಲೆ ಹುಡುಕಿಕೊಂಡು ಹೋದೆ. ಕಿಬ್ಬನಹಳ್ಳಿಯಲ್ಲಿ ದಸ್ತಗೀರ್ ಸಾಬರೆಂಬವರ ಲಾರಿಗೆ ಕೊಬ್ಬರಿ ಚೀಲ ಏರಿಸುತ್ತಿದ್ದ. ವಾಪಸು ಬಾರಪ್ಪ ಅಂದೆ.

“ಇಲ್ಲಿ ಮೊದ್ಲ ದಿನಾನೇ ಏಳ್ಬುಟ್ಟೆ, ಓದಕ್ಕೆ ಬರಾಕಿಲ್ಲ ಅಂತ. ಸಾಬ್ರು ಕೂಗಿ ಏಳ್ತರೆ.” ಇನ್ನೊಂದು ಚೀಲ ಏರಿಸಿ ಬಂದು ಹೇಳಿದ, “ನೀವು ದೇವ್ರಂತೋರು, ಅಯ್ನೋರೆ. ಆದ್ರೆ ನೀವು ಮುಚ್ಚಿಟ್ಟಷ್ಟೂ ದಿನ ನಂಗೆ ದಿಗ್ಲು ತಪ್ಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಸಿಕ್ಕಾಕಂತೀನಿ ಅಂತ್ಲೇ ಬತ್ತಿದ್ದೆ. ಸಾಕಾಯ್ತು, ಬುಡಿ.”

ಬರಿಗೈಯಲ್ಲಿ ಬಂದು ನನ್ನ ಕುರ್ಚಿಯಲ್ಲಿ ಕೂತೆ. ದುರ್ಗಯ್ಯ ಯಾರದೋ ಮೂಟೆಯ ಹುರಿ ಎತ್ತಿ ಹಿಡಿದು ಕೇಳಿದ, “ಈ ಜನ ಎಲ್ಲಾದಕ್ಕೂ ಗಂಟ್ಯಾಕೆ ಆಕ್ತಾರ್ರೀ?”

ಬಿಗಿಯಾಗಿರಲಿ ಅಂತ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. “ಮಾಯಣ್ಣನಿಗೆ ಓದೋಕೆ ಬರ್ತಿರ್ಲಿಲ್ಲ. ಅದಕ್ಕೆ,” ಅಂದೆ. ಒಂಬತ್ತು ವರ್ಷದಲ್ಲಿ ಇದೇ ಮೊದಲು ಹೇಳಿದ್ದು.

ದುರ್ಗಯ್ಯ ಹುರಿ ಕೆಳಗೆ ಬಿಟ್ಟ. “ಅಷ್ಟೇನಾ? ಮೊದ್ಲೇ ಯಾರಾದ್ರೂ ಏಳಿದ್ರೆ ನಾನೇ ಓದಿ ಏಳ್ತಿರ್ಲಿಲ್ವಾ?”