ಪಾಪಮ್ಮನ ಹತ್ತು ತಟ್ಟೆ

ಸಾಸಲು ಬಳಿಯ ಹಳ್ಳಿಯೊಂದರ ಅಂಗನವಾಡಿಯಲ್ಲಿ ಪಾಪಮ್ಮ ಅಡುಗೆ ಸಹಾಯಕಿ. ಓದಿದ್ದು ಎರಡನೇ ಕ್ಲಾಸು, ಅದೂ ಅರ್ಧ. ಟೀಚರ್ ಪ್ರಮೋದಾ ಹೆರಿಗೆ ರಜೆಗೆ ಹೋದ ಮೇಲೆ ಪಕ್ಕದೂರಿನ ಟೀಚರ್ ವಾರಕ್ಕೆರಡು ಸಲ ಬಂದು ರಿಜಿಸ್ಟರ್ ಬರೆದು ಹೋಗುತ್ತಿದ್ದರು. ಮಿಕ್ಕ ದಿನ ಹತ್ತು ಮಕ್ಕಳೂ ಪಾಪಮ್ಮನ ಪಾಲಿಗೆ.

ಪಾಠ ಮಾಡಲು ಬಾರದವಳು ಕೆಲಸವನ್ನೇ ಪಾಠ ಮಾಡಿಕೊಂಡಳು. ತಟ್ಟೆಗಳ ಮೇಲೆ ಪ್ರಮೋದಾ ಮಕ್ಕಳ ಹೆಸರನ್ನು ಪೇಂಟಿನಲ್ಲಿ ಬರೆದಿಟ್ಟಿದ್ದರು. ಪಾಪಮ್ಮ ಅವನ್ನು ಚಾಪೆಯ ಮೇಲೆ ಹರಡುವಳು. ಮಕ್ಕಳು ತಂತಮ್ಮ ಹೆಸರು ಹುಡುಕಿಕೊಳ್ಳಬೇಕು, ಉಳಿದ ತಟ್ಟೆ ಎಣಿಸಬೇಕು, ಅದರ ಮೇಲಿನ ಹೆಸರು ಓದಿ ಇವತ್ತು ಯಾರು ಬಂದಿಲ್ಲ ಅಂತ ಹೇಳಬೇಕು. ಪಾವಿನಲ್ಲಿ ಅಕ್ಕಿ ಅಳೆಯುವಾಗ ಜತೆಯಲ್ಲಿ ಕೂಗಬೇಕು. ಎರಡು ತಿಂಗಳಲ್ಲಿ ಆ ಪುಟಾಣಿಗಳು ಗೋಡೆಯ ಪೋಸ್ಟರಿನಲ್ಲೂ ತಮ್ಮ ಜತೆಯ ಅಕ್ಷತಳ ‘ಅ’ ಎಲ್ಲಿದೆ ಅಂತ ಹುಡುಕತೊಡಗಿದವು.

ಎಡವಟ್ಟಾದದ್ದು ಅಳತೆಯಲ್ಲಿ. ಕಣದಲ್ಲಿ ರಾಗಿ ಅಳೆಯುವವರು ಮೊದಲ ಸೇರನ್ನು ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಕಣದಲ್ಲೇ ಬೆಳೆದ ಪಾಪಮ್ಮನಿಗೂ ಅದೇ ರೂಢಿ. ಲಾಭ, ಎರಡು, ಮೂರು. ಮಕ್ಕಳೂ ಅದನ್ನೇ ಕಲಿತವು.

ಅವರಲ್ಲಿ ಕೀರ್ತನ ಪಾಪಮ್ಮನ ಸೆರಗು ಬಿಡದವಳು. ತಾಯಿ ಪ್ರಿಯಾಂಕ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುವವಳು. ಮಗಳನ್ನು ಕಾನ್ವೆಂಟಿಗೆ ಸೇರಿಸಲು ಕರೆದೊಯ್ದಳು. ನಾಲ್ಕು ವರ್ಷದ ಕೂಸಿಗೂ ಇಂಟರ್‌ವ್ಯೂ ಅಂತೆ. ಎಣಿಸು ಅಂದರೆ ಮಗು ಲಾಭದಿಂದ ಶುರು ಮಾಡಿತು. ಅಲ್ಲಿದ್ದವರೆಲ್ಲ ನಕ್ಕರು. ಮಾರನೆಯ ದಿನ ಪ್ರಿಯಾಂಕ ರಜೆ ಹಾಕಿ, ಮಗಳನ್ನು ಬಿಡಿಸಿಕೊಂಡು ಹೋಗಲು ಊಟದ ಹೊತ್ತಿಗೆ ಬಂದು ಅಂಗನವಾಡಿಯ ಹೊಸಿಲಾಚೆ ನಿಂತಳು. ಇಲ್ಲಿ ಕಲಿಸೋದು ಇದನ್ನೇನಾ ಅಂತ ಕೇಳಿದಳು.

ಪಾಪಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈ ಮಗು ನಾಳೆಯಿಂದ ಬರುವುದಿಲ್ಲವಲ್ಲ ಅಂತ ಕೀರ್ತನಳ ತಲೆ ಸವರಿದಳು.

“ತಪ್ಪು ನಂದೇ ಕಣವ್ವಾ. ಒಂದ್ ತುತ್ತು ಉಣ್ಲಿ, ಆಮೇಲೆ ಕರ್ಕೊಂಡೋಗು,” ಅಂದಳು.

ಅವತ್ತು ಎಲ್ಲ ಮಕ್ಕಳೂ ಬಂದಿದ್ದರು. ಕೀರ್ತನ ಒಂದೊಂದೇ ಹೆಸರು ಓದಿ ತಟ್ಟೆ ಹಂಚಿದಳು. ಮಗಳಿಗೆ ಇಷ್ಟೆಲ್ಲ ಓದಲು ಬರುತ್ತದೆಂದು ಪ್ರಿಯಾಂಕಳಿಗೆ ಗೊತ್ತೇ ಇರಲಿಲ್ಲ. ಹಂಚಿಯಾದ ಮೇಲೆ ಮಗು ಬೆರಳು ಮಡಚುತ್ತ ಒಳಗಿದ್ದ ತಲೆಗಳನ್ನು ಎಣಿಸಿತು, ತಟ್ಟೆ ಎಣಿಸಿತು, ಮತ್ತೆ ತಲೆ ಎಣಿಸಿತು.

“ಒಂದ್ ತಟ್ಟೆ ಕಮ್ಮಿ ಐತೆ.”

ಅಮ್ಮನೆದುರು ಮಗುವಿಗೆ ಮತ್ತೆ ಅವಮಾನವಾಗದಿರಲೆಂದು, ಹತ್ತು ಜನಕ್ಕೆ ಹತ್ತು ಐತಲ್ಲವ್ವಾ ಅಂತ ಪಾಪಮ್ಮ ಮೆಲ್ಲಗೆ ತಿದ್ದಿದಳು. ಕೀರ್ತನ ಒಪ್ಪಲಿಲ್ಲ.

“ಹನ್ನೊಂದು ಜನ. ನಿನ್ ಹೆಸ್ರು ಯಾವ್ದ್ರಲ್ಲೂ ಇಲ್ಲ. ನೀನ್ ಯಾವ್ದ್ರಲ್ಲಿ ಉಣ್ತೀಯ?”

ಆರು ವರ್ಷದಿಂದ ಪಾಪಮ್ಮ, ಮಕ್ಕಳುಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತೇ ಉಣ್ಣುತ್ತಿದ್ದಳು. ಯಾರೂ ಈ ಮಾತು ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು, ಸೌಟು ಹಿಡಿದ ಕೈ ನಿಂತಿತು. ಪ್ರಿಯಾಂಕ ಚಪ್ಪಲಿ ಬಿಟ್ಟು ಒಳಗೆ ಬಂದು ಸೌಟು ತೆಗೆದುಕೊಂಡಳು.

“ನೀನೂ ಕೂತ್ಕೋ ಅಕ್ಕ, ನಾನ್ ಬಡಿಸ್ತೀನಿ. ನಾಳೆ ನನ್ ಶಿಫ್ಟು ಬೇಗ. ಎಂಟಕ್ಕೇ ಇವ್ಳನ್ನ ಬಿಟ್ಟೋಗ್ಲಾ?”

ಎಂಟಕ್ಕೆ ಯಾವ ಅಂಗನವಾಡಿಯೂ ತೆರೆಯುವುದಿಲ್ಲ. ಪಾಪಮ್ಮ ತೆರೆಯುತ್ತೇನೆ ಅಂದಳು.